ಪುಟದ ಕೊನೆಯ ಸಣ್ಣ ಅಕ್ಷರಗಳು

ಪುಟಕ್ಕೆ ನಲವತ್ತು ಪೈಸೆ. ರೆಫರೆನ್ಸ್ ಪುಟವಾದರೆ ಅರವತ್ತು ಪೈಸೆ. ಇದು ನನ್ನ ಮೊದಲ ಸಂಪಾದನೆಯ ಲೆಕ್ಕ. ಎಪ್ಪತ್ತರ ದಶಕದಲ್ಲಿ ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಮನೆಯಲ್ಲಿ ಕುಳಿತಿದ್ದ ನನಗೆ, ಮಾನಸಗಂಗೋತ್ರಿಯ ಸಂಶೋಧನ ವಿದ್ಯಾರ್ಥಿಗಳು ಥೀಸಿಸ್ ಟೈಪು ಮಾಡಲು ಕೊಡುತ್ತಿದ್ದರು. ಸರಸ್ವತೀಪುರಂನ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಹಳೆಯ ರೆಮಿಂಗ್ಟನ್ ಯಂತ್ರ; ಒಂದು ಮೂಲ ಪ್ರತಿ, ನಾಲ್ಕು ಕಾರ್ಬನ್ ಪ್ರತಿ. ಒಂದಕ್ಷರ ತಪ್ಪಿದರೆ ಐದು ಹಾಳೆಯಲ್ಲೂ ಬ್ಲೇಡಿನಿಂದ ಕೆರೆಯಬೇಕು. ಥೀಸಿಸ್ಸಿನ ಒಳಗಿನ ವಿಷಯ ನನಗೆ ಒಂದಿಷ್ಟೂ ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕಾಗಿಯೂ ಇರಲಿಲ್ಲ. ಆದರೆ ಕೊನೆಯ ಇಪ್ಪತ್ತು ಮೂವತ್ತು ಪುಟಗಳ ಆ ರೆಫರೆನ್ಸ್ ಪಟ್ಟಿಯಿತ್ತಲ್ಲ, ಅದು ಕಣ್ಣು ಕೀಳುವ ಕೆಲಸ. ಹೆಸರು, ಇನಿಷಿಯಲ್, ಪತ್ರಿಕೆಯ ಹೆಸರು, ಸಂಪುಟ, ಪುಟ, ವರ್ಷ. ಒಂದು ಚುಕ್ಕಿ ಆಚೀಚೆಯಾದರೆ ಗೈಡ್ ವಾಪಸು ಕಳಿಸುತ್ತಾರೆ. ಅದಕ್ಕೇ ಇಪ್ಪತ್ತು ಪೈಸೆ ಜಾಸ್ತಿ ಕೇಳುತ್ತಿದ್ದೆ. ಕೊಟ್ಟವರೂ ಉಂಟು, ಕೊಡದವರೂ ಉಂಟು.

ಹೀಗೆ ಹತ್ತು ಹನ್ನೆರಡು ವರ್ಷ ಟೈಪು ಮಾಡಿದ ಮೇಲೆ ಆ ಪಟ್ಟಿಯ ಹೆಸರುಗಳೆಲ್ಲ ನನಗೆ ಪಕ್ಕದ ಬೀದಿಯವರ ಹಾಗೆ ಪರಿಚಯವಾಗಿಬಿಟ್ಟವು. ಯಾವ ಹೆಸರು ರಸಾಯನಶಾಸ್ತ್ರದ ಥೀಸಿಸ್ಸಿನಲ್ಲಿ ಬರುತ್ತದೆ, ಯಾವುದು ಸಸ್ಯಶಾಸ್ತ್ರದ್ದು, ಯಾವುದು ಎಲ್ಲ ಕಡೆಯೂ ನುಗ್ಗುತ್ತದೆ ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಒಂದು ಹೆಸರನ್ನಂತೂ ನೋಡದೆ ಹೊಡೆಯುತ್ತಿದ್ದೆ: ಮೊದಲು ರಾವ್, ಆಮೇಲೆ ಸಿ, ಎನ್, ಆರ್. ಯಾರಿವರು, ಇಷ್ಟೊಂದು ಬರೆದವರು, ಎಂದು ಒಬ್ಬ ವಿದ್ಯಾರ್ಥಿಯನ್ನು ಕೇಳಿದೆ. ಅವನು ನಕ್ಕು, 'ನಮ್ಮ ಯೂನಿವರ್ಸಿಟಿಯವರೇ ಕಣ್ರೀ, ಇಲ್ಲಿನ ಬಿ.ಎಸ್‌ಸಿ.' ಎಂದ.

ಮೈಸೂರಿನವರಿಗೆ ಇಂಥ ಮಾತು ಕೇಳಿದರೆ ಸ್ವಲ್ಪ ಎದೆಯುಬ್ಬುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ಊರಿನ ಹೆಸರು ಲೋಕದ ಅಡಿಟಿಪ್ಪಣಿಗಳಿಗೆ ಹತ್ತಿದ್ದು ಅದಕ್ಕೂ ಬಹಳ ಮುಂಚೆ. 1891ರಲ್ಲಿ ಆರಂಭವಾದ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಗಳ ಒಂದು ಕಟ್ಟನ್ನು ನೋಡುತ್ತಿದ್ದಾಗ, ಕಳೆದೇ ಹೋಗಿದೆಯೆಂದು ಎಲ್ಲರೂ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೆಂದು ಗುರುತಿಸಿದರು. 1909ರಲ್ಲಿ ಮೂಲವನ್ನೂ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅಂದಿನಿಂದ ರಾಜನೀತಿ, ಅರ್ಥಶಾಸ್ತ್ರ, ಯುದ್ಧನೀತಿ, ಕೃಷಿ, ಗಣಿ, ಕೊನೆಗೆ ಆನೆ ಸಾಕುವುದರ ಬಗ್ಗೆ ಬರೆಯುವವರು ಕೂಡ ಪುಟದ ಕೆಳಗೆ ಶಾಮಶಾಸ್ತ್ರಿ ಎಂದು ಬರೆಯುತ್ತ ಬಂದಿದ್ದಾರೆ. ಅಷ್ಟೊಂದು ಕ್ಷೇತ್ರಗಳಿಗೆ ಹರಡಿದ ಇನ್ನೊಂದು ಮೈಸೂರಿನ ಹೆಸರು ನನಗೆ ತಿಳಿದಂತೆ ಇಲ್ಲ. ಇದರಲ್ಲಿ ನನ್ನನ್ನು ಯಾವಾಗಲೂ ಕಾಡುವುದು ಬೇರೆ ಸಂಗತಿ. ಆ ಹಸ್ತಪ್ರತಿಯನ್ನು ಲೈಬ್ರರಿಗೆ ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಅಷ್ಟೇ. 'ಒಬ್ಬ ಪಂಡಿತರು' ಎಂದೇ ಅವರು ಚರಿತ್ರೆಯಲ್ಲಿ ಉಳಿದಿದ್ದಾರೆ. ಎಷ್ಟು ತಲೆಮಾರು ಅವರ ಮನೆಯ ಅಟ್ಟದಲ್ಲಿ ಆ ಗರಿಗಳಿಗೆ ಯಾರು ಎಣ್ಣೆ ಸವರಿ, ಹುಳ ಹಿಡಿಯದಂತೆ ಕಾಪಾಡಿದರೋ!

ಯಾರು ಯಾರ ಹೆಸರನ್ನು ಬರೆದರು ಎಂದು ಲೆಕ್ಕ ಹಾಕುವ ಅಭ್ಯಾಸ ಶುರುವಾದದ್ದು, ನಂಬುತ್ತೀರೋ ಇಲ್ಲವೋ, ದುಡ್ಡು ಸಾಲದ ಒಂದು ಕಾಲೇಜಿನ ಗ್ರಂಥಾಲಯದ ಕಷ್ಟದಿಂದ. ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ಎಂಬ ಹೆಸರಿನ ಇಬ್ಬರು, ಸಣ್ಣ ಕಾಲೇಜೊಂದು ರಸಾಯನಶಾಸ್ತ್ರದ ಯಾವ ಯಾವ ಪತ್ರಿಕೆಗೆ ಚಂದಾ ಕಟ್ಟಿದರೆ ಲಾಭ ಎಂದು ತಿಳಿಯಬೇಕೆಂದುಕೊಂಡರು. ಒಂದು ದೊಡ್ಡ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನು ಮುಂದಿಟ್ಟುಕೊಂಡು, ಅದರ ಲೇಖಕರು ಯಾವ ಪತ್ರಿಕೆಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಒಂದೊಂದಾಗಿ ಎಣಿಸಿ, 1927ರಲ್ಲಿ ಪ್ರಕಟಿಸಿದರು. ತಿಂಗಳ ಕೊನೆಯಲ್ಲಿ ಯಾವ ಡಬ್ಬ ಬೇಗ ಖಾಲಿಯಾಯಿತು ಎಂದು ನೋಡಿ ಮುಂದಿನ ತಿಂಗಳ ದಿನಸಿ ಪಟ್ಟಿ ಬರೆಯುವ ಹಾಗೆ. ನಮ್ಮವರೂ ಈ ವಿಚಾರದಲ್ಲಿ ಹಿಂದೆ ಬಿದ್ದಿರಲಿಲ್ಲ. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು 1948ರಲ್ಲಿ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ, ಗ್ರಂಥಾಲಯದ ಕೆಲಸಕ್ಕೂ ಅಳತೆಯ ಶಾಸ್ತ್ರವೊಂದು ಬೇಕು ಎಂದು ಹೇಳಿ ಅದಕ್ಕೆ 'ಲೈಬ್ರಮೆಟ್ರಿ' ಎಂದು ಹೆಸರಿಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1972ರಲ್ಲಿ ಅಲ್ಲೇ ತೀರಿಕೊಂಡರು.

ಆದರೆ ಇದನ್ನು ಜಗತ್ತಿನ ವ್ಯವಹಾರವನ್ನಾಗಿ ಮಾಡಿದವರು ಯೂಜೀನ್ ಗಾರ್‌ಫೀಲ್ಡ್ ಎಂಬ ಅಮೆರಿಕದವರು. 1955ರಲ್ಲಿ ಅವರೊಂದು ಪ್ರಸ್ತಾಪ ಬರೆದರು: ಯಾವುದೇ ಪ್ರಬಂಧವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂದು ತಿಳಿಸುವ ಸೂಚಿ ಇದ್ದರೆ ಚೆನ್ನ ಎಂದು. ಹಿಂದಿನವರು ಏನು ಹೇಳಿದ್ದರು ಎಂಬುದು ಲೇಖನದ ಕೊನೆಯಲ್ಲೇ ಇರುತ್ತದೆ; ಮುಂದೆ ಅದರ ಗತಿ ಏನಾಯಿತು ಎಂಬುದು ಎಲ್ಲೂ ಇರುವುದಿಲ್ಲವಲ್ಲ, ಅದಕ್ಕೆ. ನ್ಯೂಜೆರ್ಸಿಯಲ್ಲಿ ಹಿಂದೆ ಕೋಳಿಗೂಡಾಗಿದ್ದ ಒಂದು ಕಟ್ಟಡದಲ್ಲಿ ಅವರ ಕಂಪನಿ ಕೆಲಸ ಶುರುಮಾಡಿತಂತೆ. ಅರವತ್ತರ ದಶಕದ ಆರಂಭದಲ್ಲಿ ಹೊರಬಂದ ಮೊದಲ ಸೂಚಿಯಲ್ಲಿ ಐದು ಸಂಪುಟ, 613 ಪತ್ರಿಕೆ, 14 ಲಕ್ಷ ಉಲ್ಲೇಖ. ಆಮೇಲೆ ಅದು ವರ್ಷದಿಂದ ವರ್ಷಕ್ಕೆ ಊದುತ್ತ ಹೋಯಿತು.

ಆ ಸಂಪುಟಗಳನ್ನು ನಾನೊಮ್ಮೆ ಕಣ್ಣಾರೆ ಕಂಡಿದ್ದೇನೆ. ಪಂಚಾಂಗಕ್ಕಿಂತ ತೆಳು ಹಾಳೆ, ಇರುವೆ ಸಾಲಿನಂಥ ಅಕ್ಷರ, ಪುಟದ ತುಂಬ ಅಂಕಣಗಳು. ನನಗೆ ಥೀಸಿಸ್ ಕೊಟ್ಟಿದ್ದ ಹುಡುಗಿಯೊಬ್ಬಳು ಭೂತಗನ್ನಡಿ ಹಿಡಿದು ತನ್ನ ಗೈಡಿನ ಹೆಸರು ಹುಡುಕುತ್ತಿದ್ದಳು. ನಾನು ಬಾಯಿಗೆ ಬಂದ ಹಾಗೆ, 'ನಿನ್ನ ಹೆಸರೂ ಇದೆಯೇನೇ?' ಎಂದೆ. ಅವಳು ಹೇಳಿದ ಮಾತು ಆಗ ಪೂರ್ತಿ ಅರ್ಥವಾಗಿರಲಿಲ್ಲ. ಒಂದು ಪ್ರಬಂಧವನ್ನು ನಾಲ್ಕು ಜನ ಸೇರಿ ಬರೆದಿದ್ದರೂ ಉಲ್ಲೇಖಗಳ ಆ ಸೂಚಿಯಲ್ಲಿ ಅದು ಸಿಗುತ್ತಿದ್ದುದು ಮೊದಲನೆಯವರ ಹೆಸರಿನಲ್ಲಿ ಮಾತ್ರ. ಎರಡನೆಯವರು, ಮೂರನೆಯವರು ಅಲ್ಲಿ ಇರುತ್ತಲೇ ಇರಲಿಲ್ಲ. ಮದುವೆಯ ಕರೆಯೋಲೆಯಲ್ಲಿ ಮನೆಯ ಹಿರಿಯರ ಹೆಸರು ಹಾಕಿ 'ಮತ್ತು ಕುಟುಂಬದವರು' ಎಂದು ಮುಗಿಸುತ್ತೇವಲ್ಲ, ಹಾಗೆ.

ಸಿ. ಎನ್. ಆರ್. ರಾವ್ ಅವರ ವಿಷಯಕ್ಕೆ ಬರುತ್ತೇನೆ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಹುಟ್ಟಿದ್ದು 1934ರ ಜೂನ್ 30ರಂದು, ಬೆಂಗಳೂರಿನಲ್ಲಿ. ಮನೆಗೆ ಒಬ್ಬನೇ ಮಗ. ಮೊದಲ ಪಾಠ ಶಾಲೆಯಲ್ಲಲ್ಲ, ಮನೆಯಲ್ಲೇ ನಡೆಯಿತು. ತಾಯಿ ನಾಗಮ್ಮನವರು ಲೆಕ್ಕವನ್ನೂ ಪುರಾಣದ ಕತೆಗಳನ್ನೂ ಹೇಳಿಕೊಟ್ಟರು, ಶಾಲಾ ಇನ್‌ಸ್ಪೆಕ್ಟರಾಗಿದ್ದ ತಂದೆ ಇಂಗ್ಲಿಷ್ ಕಲಿಸಿದರು. ಹದಿನೇಳನೆಯ ವಯಸ್ಸಿಗೆ, 1951ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್‌ಸಿ. ಆ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ನಾಲ್ವಡಿಯವರು 1916ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯದಲ್ಲಿ ಕಲೆಗಳ ಓದು ಇಲ್ಲಿ ಮಹಾರಾಜಾ ಕಾಲೇಜಿನಲ್ಲೂ ವಿಜ್ಞಾನದ ಓದು ಅಲ್ಲಿ ಸೆಂಟ್ರಲ್ ಕಾಲೇಜಿನಲ್ಲೂ ಬಹುಕಾಲ ನಡೆಯಿತು. ಬೆಂಗಳೂರಿಗೆ ಬೇರೆ ವಿಶ್ವವಿದ್ಯಾನಿಲಯ ಬಂದದ್ದು 1964ರಲ್ಲಿ. ಆದ್ದರಿಂದ ಆ ಹುಡುಗ 'ನಮ್ಮವರೇ' ಎಂದದ್ದು ಸುಳ್ಳಲ್ಲ. ರಾವ್ ಅವರು ಮುಂದೆ ಬನಾರಸಿನಲ್ಲಿ ಎಂ.ಎಸ್‌ಸಿ. ಮಾಡಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1958ರಲ್ಲಿ ಪಿಎಚ್.ಡಿ. ಪಡೆದು, ಮರುವರ್ಷ ಬೆಂಗಳೂರಿಗೆ ಮರಳಿದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಡಿ.ಎಸ್‌ಸಿ. ಪದವಿ ತೆಗೆದುಕೊಂಡರು. ಬೆಳಕಿನ ಕಿರಣಗಳಿಂದ ಅಣುಗಳನ್ನು ಅರಿಯುವ ವಿದ್ಯೆಯಿಂದ ಹೊರಟು, ಲೋಹದ ಆಕ್ಸೈಡುಗಳು, ಅತಿವಾಹಕಗಳು, ಆಮೇಲೆ ನ್ಯಾನೋ ವಸ್ತುಗಳು, ಗ್ರಾಫೀನ್ ಎಂದು ಹತ್ತು ವರ್ಷಕ್ಕೊಮ್ಮೆ ಅವರು ಬಿಡಾರ ಬದಲಿಸಿದ್ದಾರೆ. ಇದಕ್ಕೇ ಭೌತಶಾಸ್ತ್ರದ ಥೀಸಿಸ್ಸಿನಲ್ಲೂ ಆ ಹೆಸರು, ರಸಾಯನಶಾಸ್ತ್ರದ ಥೀಸಿಸ್ಸಿನಲ್ಲೂ ಆ ಹೆಸರು.

2013ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದಾಗ ಪತ್ರಿಕೆಗಳೆಲ್ಲ, 'ಎಚ್ ಸೂಚ್ಯಂಕ ನೂರು ಮುಟ್ಟಿದ ಮೊದಲ ಭಾರತೀಯ' ಎಂದು ಬರೆದವು. ಅದೇನೆಂದು ಬಹುಪಾಲು ಯಾರೂ ವಿವರಿಸಲಿಲ್ಲ. ನಾನು ಕೇಳಿ ತಿಳಿದುಕೊಂಡದ್ದನ್ನು ನನ್ನದೇ ರೀತಿಯಲ್ಲಿ ಹೇಳುತ್ತೇನೆ. ನಿಮ್ಮ ಬೀರುವಿನಲ್ಲಿ ಎಂಬತ್ತು ಸೀರೆಗಳಿವೆ ಎಂದುಕೊಳ್ಳಿ. ಯಾವ ಸೀರೆಯನ್ನು ಎಷ್ಟು ಸಲ ಉಟ್ಟಿರಿ ಎಂದು ಲೆಕ್ಕ ಹಾಕಿ. ಅತಿ ಹೆಚ್ಚು ಉಟ್ಟದ್ದನ್ನು ಮೇಲಿಟ್ಟು, ಕಡಿಮೆ ಉಟ್ಟದ್ದನ್ನು ಕೆಳಗಿಟ್ಟು ಜೋಡಿಸಿ. ಹನ್ನೆರಡು ಸೀರೆಗಳನ್ನು ತಲಾ ಹನ್ನೆರಡು ಸಲವಾದರೂ ಉಟ್ಟಿದ್ದೀರಿ, ಹದಿಮೂರನೆಯದನ್ನು ಹದಿಮೂರು ಸಲ ಉಟ್ಟಿಲ್ಲ ಎಂದಾದರೆ ನಿಮ್ಮ ಅಂಕ ಹನ್ನೆರಡು. ಬೀರುವಿನಲ್ಲಿ ಎಷ್ಟು ಸೀರೆ ತುಂಬಿದೆ ಎಂಬುದರಿಂದ ಮಾತ್ರ ಅಂಕ ಏರುವುದಿಲ್ಲ; ಮದುವೆಗೆ ಕೊಂಡ ಒಂದೇ ಒಂದು ಮೈಸೂರು ರೇಷ್ಮೆ ಸೀರೆಯನ್ನು ಇನ್ನೂರು ಸಲ ಉಟ್ಟರೂ ಏರುವುದಿಲ್ಲ. ಇದನ್ನು 2005ರಲ್ಲಿ ಹೊಳೆಯಿಸಿಕೊಂಡವರು ಅಮೆರಿಕದ ಹಿರ್ಷ್ ಎಂಬ ಭೌತವಿಜ್ಞಾನಿ. ಸೀರೆಯ ಜಾಗದಲ್ಲಿ ಪ್ರಬಂಧ, ಉಟ್ಟ ಜಾಗದಲ್ಲಿ ಉಲ್ಲೇಖ. ರಾವ್ ಅವರ ನೂರು ಪ್ರಬಂಧಗಳನ್ನು ತಲಾ ನೂರು ಸಲವಾದರೂ ಬೇರೆ ಬೇರೆಯವರು ಉಲ್ಲೇಖಿಸಿದ್ದಾರೆ ಎಂದು ಆ ಸುದ್ದಿಯ ಅರ್ಥ.

ಆ ಹೊತ್ತಿಗೆ ಅವರ ಹೆಸರಿನಲ್ಲಿ ಸುಮಾರು ಒಂದೂವರೆ ಸಾವಿರ ಪ್ರಬಂಧಗಳಿದ್ದವು. ಅರವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಇಪ್ಪತ್ತೈದು, ತಿಂಗಳಿಗೆ ಎರಡಕ್ಕಿಂತ ಹೆಚ್ಚು. ತಿಂಗಳಿಗೆರಡು ಕಾಗದ ಬರೆಯಲು ನಮಗೆ ಕೈ ಬರುವುದಿಲ್ಲ. ಅವರ ಸಂಗಡ ದುಡಿದ ವಿದ್ಯಾರ್ಥಿಗಳ ದಂಡೇ ಇದೆಯೆಂಬುದು ನಿಜ. ದೊಡ್ಡ ಅಡುಗೆಮನೆ; ಹಲವು ಒಲೆ. ಅಂಥ ಕಡೆ ಒಮ್ಮೊಮ್ಮೆ ತಳ ಹಿಡಿಯುವುದೂ ಉಂಟು. 2011ರಲ್ಲಿ ಅವರ ಹೆಸರೂ ಇದ್ದ ಒಂದು ಪ್ರಬಂಧದ ಪೀಠಿಕೆಯಲ್ಲಿ ಬೇರೆಯವರ ಕೆಲವು ವಾಕ್ಯಗಳು ಹಾಗೆಯೇ ಬಂದಿವೆಯೆಂದು ತಿಳಿದು, ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೇಳಿದರು. ಅದು ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ಅವರ ಬಗ್ಗೆ ಬರೆಯುವವರು ಇದನ್ನು ಹೇಳದೆ ಬಿಟ್ಟುಬಿಡುತ್ತಾರೆ. ಇಲ್ಲವೇ ಇದೊಂದನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಎರಡೂ ಸರಿಕಾಣುವುದಿಲ್ಲ. ಪತ್ನಿ ಇಂದುಮತಿ ರಾವ್ ಅವರ ಜೊತೆ ಸೇರಿ ಮಕ್ಕಳಿಗಾಗಿ ಅವರು ವಿಜ್ಞಾನದ ಪುಸ್ತಕಗಳನ್ನು ಬರೆದಿದ್ದಾರೆ. ಶಾಲೆಯ ಮಕ್ಕಳು ಓದಿ ಸಂತೋಷಪಟ್ಟ ಪುಸ್ತಕಗಳನ್ನು ಎಚ್ ಸೂಚ್ಯಂಕ ಮೂಸಿಯೂ ನೋಡುವುದಿಲ್ಲ.

ಈ ಲೆಕ್ಕದ ಇನ್ನೊಂದು ತೊಡಕು ನನಗೆ ಟೈಪು ಮಾಡುವಾಗಲೇ ಗೊತ್ತಾಗಿತ್ತು. ಗಣಿತದ ಥೀಸಿಸ್ಸಿನ ರೆಫರೆನ್ಸ್ ಪಟ್ಟಿ ಮೂರೇ ಪುಟ. ಜೀವರಸಾಯನಶಾಸ್ತ್ರದ್ದು ಮೂವತ್ತು. ಮೂರು ಪುಟದವರ ಲೋಕದಲ್ಲಿ ಹತ್ತು ಸಲ ಹೆಸರು ಬಂದರೆ ಅದು ಹಬ್ಬ. ಮೂವತ್ತು ಪುಟದವರ ಲೋಕದಲ್ಲಿ ಅದು ದಿನನಿತ್ಯದ ಸಾರು. ಎರಡನ್ನೂ ಒಂದೇ ಸೇರಿನಲ್ಲಿ ಅಳೆಯುವುದು ಹೇಗೆ? ಜೀವರಸಾಯನದವರು ಯಾರೇ ಬರಲಿ, ಒಂದು ಸಾಲು ಇದ್ದೇ ಇರುತ್ತಿತ್ತು: ಲೌರಿ ಮತ್ತು ಸಂಗಡಿಗರು, 1951. ಪದಾರ್ಥವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ಅದು. 2014ರ ಹೊತ್ತಿಗೆ ಅದನ್ನು ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಿಸಿದ್ದರು. ಜಗತ್ತಿನಲ್ಲಿ ಅಷ್ಟು ಉಲ್ಲೇಖ ಪಡೆದ ಪ್ರಬಂಧ ಬೇರೆ ಇರಲಿಲ್ಲ. ದೊಡ್ಡ ಸಿದ್ಧಾಂತವೇನೂ ಅಲ್ಲ, ಒಂದು ಅಳತೆ ಪಾತ್ರೆ. ಎಲ್ಲರ ಮನೆಗೂ ಬೇಕು.

ನಮ್ಮ ಊರಿನ ಸಿ.ಎಫ್.ಟಿ.ಆರ್.ಐ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಸಂಸ್ಥೆ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಹಸುಗೂಸಿಗೆ ಅರಗುವುದಿಲ್ಲ, ಅದರಿಂದ ಶಿಶು ಆಹಾರ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲ. ಡಬ್ಬಿ ಹಾಲಿನ ಪುಡಿ ಹೊರದೇಶದಿಂದ ಬರಬೇಕಿತ್ತು. ಐವತ್ತರ ದಶಕದಲ್ಲಿ ಇಲ್ಲಿನ ವಿಜ್ಞಾನಿಗಳು ಎಮ್ಮೆ ಹಾಲನ್ನೇ ಹದಗೊಳಿಸಿ ಮಗುವಿಗೆ ಅರಗುವ ಪುಡಿ ಮಾಡುವ ದಾರಿ ಕಂಡುಹಿಡಿದರು. ಆ ವಿಧಾನ ಗುಜರಾತಿನ ಆಣಂದಕ್ಕೆ ಹೋಯಿತು, ಅಮುಲ್ ಡಬ್ಬಿಯಾಗಿ ದೇಶದ ಮನೆಮನೆಗೆ ಬಂತು. ಆ ಕೆಲಸದ ಬರಹಗಳು ಅಚ್ಚಾದದ್ದು ಇಲ್ಲೇ ಮೈಸೂರಿನಿಂದ ಹೊರಡುತ್ತಿದ್ದ ಸಣ್ಣ ಪತ್ರಿಕೆಯಂಥ ಕಡೆಗಳಲ್ಲಿ. ಎಷ್ಟು ಉಲ್ಲೇಖ ಬಂದಿರಬಹುದು? ಎಷ್ಟಾದರೂ ಇರಲಿ, ಎದೆಹಾಲು ಸಾಲದೆ ಕಂಗಾಲಾಗಿದ್ದ ಎಷ್ಟು ತಾಯಂದಿರು ಆ ಡಬ್ಬಿಯ ಮುಚ್ಚಳ ತೆಗೆದಿದ್ದಾರೆ! ನನ್ನ ಎರಡನೆಯ ಮಗ ಬೆಳೆದದ್ದೇ ಅದರಲ್ಲಿ. ಡಬ್ಬಿಗಳು ಇನ್ನೂ ಅಡುಗೆಮನೆಯಲ್ಲಿವೆ; ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ.

ಕೆಲವರ ಹೆಸರು ತೀರಾ ದೊಡ್ಡದಾಗಿ, ಅದೇ ಕಾರಣಕ್ಕೆ ಪಟ್ಟಿಯಿಂದ ಮಾಯವಾಗುತ್ತದೆ ಎಂಬುದೊಂದು ವಿಚಿತ್ರ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ 'ನೇಚರ್' ಪತ್ರಿಕೆಗೆ ಕಳಿಸಿದ ಪುಟ್ಟ ಟಿಪ್ಪಣಿಯನ್ನು ಇಂದು ಎಷ್ಟು ಜನ ಉಲ್ಲೇಖಿಸುತ್ತಾರೆ? ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ರಾಮನ್ ಯಂತ್ರ ಇದೆ, ಔಷಧಿಯಿಂದ ವಜ್ರದವರೆಗೆ ಎಲ್ಲವನ್ನೂ ಅದರಿಂದ ಪರೀಕ್ಷಿಸುತ್ತಾರೆ. 'ರಾಮನ್' ಎಂದರೆ ಸಾಕು, ಮೂಲ ಪ್ರಬಂಧದ ಹೆಸರು ಯಾರಿಗೂ ಬೇಕಿಲ್ಲ. ಬಿಸಿಬೇಳೆ ಬಾತನ್ನು ಮೊದಲು ಮಾಡಿದವರು ಯಾರು ಎಂದು ಯಾರೂ ಕೇಳದ ಹಾಗೆ.

ಇನ್ನೊಬ್ಬ ರಾವ್ ಇದ್ದಾರೆ. ನನ್ನ ಟೈಪಿನಲ್ಲಿ ಈ ಇಬ್ಬರು ರಾವ್‌ಗಳು ಒಮ್ಮೊಮ್ಮೆ ಅದಲು ಬದಲಾಗಿ ಗೈಡುಗಳಿಂದ ಬೈಸಿಕೊಂಡಿದ್ದೇನೆ. ಒಬ್ಬರು ಸಿ. ಎನ್. ಆರ್., ಇನ್ನೊಬ್ಬರು ಸಿ. ಆರ್. ಕಲ್ಯಂಪುಡಿ ರಾಧಾಕೃಷ್ಣ ರಾವ್ ಮನೆಮಾತಿನಲ್ಲಿ ತೆಲುಗರು, ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಹಡಗಲಿ ಮಲ್ಲಿಗೆಯ ಊರು. ಮೈಸೂರು ಮಲ್ಲಿಗೆಯವರು ನಾವು ಜಗಳವಾಡದೆ ಒಪ್ಪಬಹುದಾದ ಇನ್ನೊಂದು ಮಲ್ಲಿಗೆ. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು ಇಟ್ಟರಂತೆ. ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬರು, ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ವಿ. ಎಂ. ದಾಂಡೇಕರ್, ಒಂದು ಪ್ರಶ್ನೆ ಕೇಳಿದರು. ಉತ್ತರ ತಿಳಿಯದೆ ಮನೆಗೆ ಹೋಗಿ ರಾತ್ರಿಯೆಲ್ಲ ಕುಳಿತು ಬಿಡಿಸಿದರು. 1945ರಲ್ಲಿ ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಆ ಪ್ರಬಂಧ ಹನ್ನೊಂದೇ ಪುಟ. ಅಳತೆಯೊಂದು ಎಷ್ಟರಮಟ್ಟಿಗೆ ನಿಖರವಾಗಿರಬಹುದು, ಅದಕ್ಕೆ ಮಿತಿ ಏನು ಎಂಬುದು ಅದರಲ್ಲಿರುವ ಒಂದು ಮುಖ್ಯ ವಿಷಯ. ರೇಡಾರಿನವರು, ಅರ್ಥಶಾಸ್ತ್ರದವರು, ವೈದ್ಯಕೀಯದವರು, ಭೌತಶಾಸ್ತ್ರದವರು ಎಲ್ಲರೂ ಇಂದು ಅದನ್ನು ಬಳಸುತ್ತಾರೆ. 2023ರಲ್ಲಿ, ನೂರಾ ಎರಡರ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ತಮ್ಮ ಒಂದು ಪುಸ್ತಕವನ್ನು ಅವರು ತಾಯಿ ಲಕ್ಷ್ಮೀಕಾಂತಮ್ಮನವರಿಗೆ ಅರ್ಪಿಸಿದ್ದಾರೆ. ಚಿಕ್ಕಂದಿನಲ್ಲಿ ದಿನವೂ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಓದಲೆಂದು ಎಣ್ಣೆ ದೀಪ ಹಚ್ಚಿಡುತ್ತಿದ್ದುದನ್ನು ಅಲ್ಲಿ ನೆನೆದಿದ್ದಾರೆ. ಹತ್ತು ಮಕ್ಕಳ ಮನೆ. ನಾಲ್ಕಕ್ಕೆ ಮಗನನ್ನು ಎಬ್ಬಿಸಬೇಕಾದರೆ ಆಕೆ ಎದ್ದದ್ದು ಎಷ್ಟು ಹೊತ್ತಿಗೆ?

ಹೆಣ್ಣುಮಕ್ಕಳೇ ಪ್ರಬಂಧ ಬರೆದಾಗ ಏನಾಯಿತು ಎಂಬುದು ಬೇರೆಯೇ ಕತೆ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಭಾಗವತ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ, ಆಕೆ ಹಟ ಹಿಡಿದು ಷರತ್ತಿನ ಮೇಲೆ ಸೇರಿದರು ಎಂಬುದನ್ನು ನೀವು ಓದಿರಬಹುದು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು, ಥೀಸಿಸ್ ನಲವತ್ತು ಪುಟ ಮಾತ್ರ. 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿ ಆದರು. ನೀರಾದಲ್ಲಿರುವ ಪೋಷಕಾಂಶಗಳ ಮೇಲೆ ಅವರು ಮುಂಬಯಿಯಲ್ಲಿ ಮಾಡಿದ ಕೆಲಸ ಸೊಹೊನಿ ಎಂಬ ಹೆಸರಿನಲ್ಲಿದೆ. ಆದರೆ ಕೇಂಬ್ರಿಜ್‌ನ ರಾಬರ್ಟ್ ಹಿಲ್ ಅವರ ಜೊತೆಗಿನ ಪ್ರಬಂಧ 1951ರಲ್ಲಿ ಅಚ್ಚಾದಾಗಲೂ ಅದರ ಮೇಲೆ ಭಾಗವತ್ ಎಂದೇ ಇತ್ತು. ಸೂಚಿಯ ಕಣ್ಣಿಗೆ ಇವರು ಇಬ್ಬರು ಹೆಂಗಸರು. ಒಬ್ಬಾಕೆ ಸಸ್ಯಗಳ ಕಿಣ್ವದ ಬಗ್ಗೆ ಬರೆದು ಕಾಣೆಯಾದಳು, ಇನ್ನೊಬ್ಬಾಕೆ ಎಲ್ಲಿಂದಲೋ ಬಂದು ನೀರಾದ ಬಗ್ಗೆ ಬರೆದಳು. ನಮ್ಮ ಮೈಸೂರು ಸೀಮೆಯವರೇ ಆದ ರಾಜೇಶ್ವರಿ ಚಟರ್ಜಿಯವರ ಕತೆ ಇನ್ನೊಂದು ಬಗೆ. ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪದವಿಯಲ್ಲಿ ಮೊದಲಿಗರಾಗಿ, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, 1953ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಸೂಕ್ಷ್ಮತರಂಗ, ಆಂಟೆನಾ ಅವರ ವಿಷಯ. ನೂರಕ್ಕೂ ಹೆಚ್ಚು ಪ್ರಬಂಧ, ಇಪ್ಪತ್ತು ಪಿಎಚ್.ಡಿ. ವಿದ್ಯಾರ್ಥಿಗಳು. ಗಂಡನೂ ಅದೇ ವಿಭಾಗದವರು. ಇಬ್ಬರೂ ಸೇರಿ ಬರೆದವುಗಳಲ್ಲಿ ಎಸ್. ಕೆ. ಚಟರ್ಜಿ, ಆರ್. ಚಟರ್ಜಿ ಎಂದಿರುತ್ತದೆ. ಅಣ್ಣತಮ್ಮಂದಿರಿರಬೇಕು ಎಂದುಕೊಳ್ಳುವವರೇ ಹೆಚ್ಚು.

ನಮ್ಮ ಕಡೆಯ ಹೆಸರುಗಳೇ ಈ ಸೂಚಿಗಳಿಗೆ ಒಗ್ಗುವುದಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಮದುವೆಯಾದರೆ ಅಪ್ಪನ ಅಕ್ಷರ ಹೋಗಿ ಗಂಡನದು ಬರುತ್ತದೆ, ಅಥವಾ ಗಂಡನ ಇಡೀ ಹೆಸರೇ ಬಾಲಕ್ಕೆ ಸೇರುತ್ತದೆ. ಇದನ್ನು ಬರೆಯಲು ಕಾರಣ ನನ್ನ ಅತ್ತಿಗೆ.

ಅತ್ತಿಗೆ ಮದುವೆಗೆ ಮುಂಚೆ ಬೇರೊಂದು ಊರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ವರ್ಷ ಕೆಲಸ ಮಾಡಿದವರು. ಅವರ ವಿಷಯ ಅವರೆಕಾಳು. ನೆನೆಸಿ ಮೊಳಕೆ ಬರಿಸಿದರೆ ಅದರ ಪ್ರೋಟೀನ್ ಹೇಗೆ ಬದಲಾಗುತ್ತದೆ ಎಂದು ಮೂರು ಅವರೆ ಸುಗ್ಗಿಗಳಲ್ಲಿ ದಿನವೂ ಲೌರಿಯ ನೀಲಿ ಬಣ್ಣ ನೋಡಿದ್ದರು. ನಮ್ಮ ಮನೆಗೆ ಬಂದ ಮೇಲೆ ಮಾಗಿಯಲ್ಲಿ ಹಿತಕಿದ ಬೇಳೆ ಮಾಡುವಾಗ, 'ಇದರ ಸಿಪ್ಪೆ ತೆಗೆದರೆ ಏನೇನು ಹೋಗುತ್ತೆ ಗೊತ್ತೇನೇ?'  ಎಂದು ಶುರುಮಾಡುವರು, ನಮ್ಮಮ್ಮ ಬಂದರೆ ಸುಮ್ಮನಾಗುವರು. ಆ ಕೆಲಸ ಪ್ರಬಂಧವಾಗಿ ಅಚ್ಚಾದದ್ದು ಅವರು ಮೊದಲ ಬಾಣಂತನದಲ್ಲಿದ್ದಾಗ. ಗೈಡಿನ ಹೆಸರು ಮೊದಲು, ಆಮೇಲೆ ಅಲ್ಲಿ ಆಮೇಲೆ ಸೇರಿದ ಒಬ್ಬ ಹುಡುಗನದು, ಮೂರನೆಯದು ಅತ್ತಿಗೆಯದು, ತವರಿನ ಇನಿಷಿಯಲ್ ಸಮೇತ. ಆ ಅಚ್ಚಿನ ಪ್ರತಿ ಟಪಾಲಿನಲ್ಲಿ ಬಂದ ದಿನ ನಾನಿದ್ದೆ. ಓದಿ, ಮಡಿಸಿ, ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರು. ಪಿಎಚ್.ಡಿ. ಆಗಲಿಲ್ಲ. ಮುಂದೆ ನಾನು ಎಷ್ಟೋ ಜೀವರಸಾಯನದ ಥೀಸಿಸ್ ಟೈಪು ಮಾಡುವಾಗ ಆ ಹೆಸರು ಬರುತ್ತದೇನೋ ಎಂದು ಪಟ್ಟಿಯಲ್ಲಿ ಕಣ್ಣಾಡಿಸುತ್ತಿದ್ದೆ. ಮೂರಕ್ಕಿಂತ ಹೆಚ್ಚು ಹೆಸರಿದ್ದರೆ 'ಮತ್ತು ಇತರರು' ಎಂದು ಹೊಡೆಯುವುದು ಆಗಿನ ಪದ್ಧತಿ. ಕೆಲವರು ಮೂರಿದ್ದರೂ ಹಾಗೇ ಹೊಡೆಸುತ್ತಿದ್ದರು. ಎಷ್ಟು ಸಲ ಅತ್ತಿಗೆಯನ್ನು ನನ್ನ ಕೈಯಾರೆ 'ಇತರರು' ಮಾಡಿದ್ದೆನೋ ಯಾರಿಗೆ ಗೊತ್ತು.

ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಸಿದ್ಧಪಡಿಸಿದ, ಜಗತ್ತಿನ ಶೇಕಡ ಎರಡರಷ್ಟು ಮುಂಚೂಣಿಯ ವಿಜ್ಞಾನಿಗಳ ಪಟ್ಟಿಯಲ್ಲಿ ಮೈಸೂರಿನವರು ಇಷ್ಟು ಮಂದಿ ಎಂದು. ಅಯೋನಿಡಿಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2019ರಿಂದ ಅದನ್ನು ಹೊರತರುತ್ತಿದ್ದಾರೆ. ವಿಜ್ಞಾನವನ್ನು 22 ಕ್ಷೇತ್ರಗಳಾಗಿ ವಿಂಗಡಿಸಿ, ಹೆಸರು ಮೊದಲಿದೆಯೋ ನಡುವೆಯಿದೆಯೋ ಕೊನೆಯಲ್ಲಿದೆಯೋ ಎಂಬುದನ್ನೂ ಗಣನೆಗೆ ತೆಗೆದುಕೊಂಡು, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟೂ ಒಂದು ಲೆಕ್ಕ ಕೊಡುತ್ತಾರೆ. ಹಳೆಯ ಸಂಪುಟಗಳಿಗಿಂತ ಎಷ್ಟೋ ನ್ಯಾಯವಾದ ಲೆಕ್ಕ.

ಕಳೆದ ದಸರೆಗೆ ಅತ್ತಿಗೆಯ ಮನೆಗೆ ಹೋಗಿದ್ದೆ. ಬೊಂಬೆ ಕೂರಿಸುವುದನ್ನು ಈಗ ಮೊಮ್ಮಗಳು ನೋಡಿಕೊಳ್ಳುತ್ತಾಳೆ, ಅವಳೂ ಪಿಎಚ್.ಡಿ. ಮಾಡುತ್ತಿದ್ದಾಳೆ. ಪಟ್ಟಿಯ ಸುದ್ದಿ ಮಾತಿಗೆ ಬಂದು, ನಾನು ಅವರೆಕಾಳಿನ ಕತೆ ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. 'ಅಜ್ಜೀ, ಆಗ ನಿಮ್ಮ ಇನಿಷಿಯಲ್ ಏನು?' ಎಂದು ಕೇಳಿ ಫೋನಿನಲ್ಲಿ ಹುಡುಕಿದಳು. ಎರಡು ನಿಮಿಷವೂ ಆಗಲಿಲ್ಲ. ಪ್ರಬಂಧ ಅಲ್ಲಿತ್ತು. ಮೂರೂ ಹೆಸರು ಇತ್ತು. ಕೆಳಗೆ ಉಲ್ಲೇಖಗಳು ಹನ್ನೊಂದು ಎಂದಿತ್ತು. ಕೊನೆಯದು ಮೂರು ವರ್ಷದ ಹಿಂದಿನದು, ಆಫ್ರಿಕದ ಯಾವುದೋ ವಿಶ್ವವಿದ್ಯಾನಿಲಯದವರದು.

ಅತ್ತಿಗೆ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು. ಹನ್ನೊಂದು ಎಂಬ ಅಂಕಿಯ ಬಗ್ಗೆ ಅವರು ಏನೂ ಕೇಳಲಿಲ್ಲ.

'ಅವರು ಏನಂತ ಬರೆದಿದಾರೆ? ನಾವು ಹೇಳಿದ್ದು ಸರಿ ಅಂತಲೋ, ತಪ್ಪು ಅಂತಲೋ?'

ಮೊಮ್ಮಗಳು ಆ ಪ್ರಬಂಧವನ್ನು ತೆರೆದು ಹುಡುಕಿದಳು. ಮೊಳಕೆ ಬರಿಸಿದಾಗ ಪ್ರೋಟೀನಿನಲ್ಲಾದ ಬದಲಾವಣೆ ತಮ್ಮ ಪ್ರಯೋಗದಲ್ಲೂ ಹಾಗೆಯೇ ಕಂಡಿತು ಎಂದು ಒಂದು ಸಾಲು. ಅದರ ಪಕ್ಕ ಕಂಸದಲ್ಲಿ ನಾಲ್ಕು ಸಂಖ್ಯೆ. ಅದರಲ್ಲೊಂದು ಇವರದು.

'ಎಷ್ಟು ಗಂಟೆ ನೆನೆಸಿದರಂತೆ?' ಎಂದರು ಅತ್ತಿಗೆ. 'ನಾವು ಹನ್ನೆರಡು ಗಂಟೆ ನೆನೆಸಿದ್ವಿ. ಚಳಿಗಾಲದಲ್ಲಿ ಅದು ಸಾಲೋದಿಲ್ಲ ಅಂತ ನಾನು ಆಗಲೇ ಹೇಳಿದ್ದೆ ಕಣೇ, ಯಾರೂ ಕೇಳಲಿಲ್ಲ. ನೋಡಮ್ಮ, ಇವರು ಎಷ್ಟು ಹಾಕಿದಾರೆ ನೋಡು.'

ಹುಡುಗಿ ಪುಟ ಸರಿಸುತ್ತ ಹುಡುಕತೊಡಗಿದಳು. ಆರತಿಗೆ ಹೊತ್ತಾಯಿತೆಂದು ಒಳಗಿನಿಂದ ಯಾರೋ ಎರಡು ಸಲ ಕರೆದರು. ಅತ್ತಿಗೆ ಏಳಲಿಲ್ಲ.